ತಂತಿಯ ಗಾತ್ರವೂ ವಿದ್ಯುತ್ತಿನ ಹೊರೆಯೂ

ಬಟ್ಟೆಗಳಿಗೆಲ್ಲ ಇಸ್ತ್ರಿ ಮಾಡಿ ಮುಗಿಸಿ ಇಸ್ತ್ರಿಪೆಟ್ಟಿಗೆಯ ತಂತಿಯನ್ನು ಸುತ್ತಿಡುವಾಗ ಅದು ಕೈಗೆ ಬೆಚ್ಚಗೆ ತಾಗುವುದುಂಟು. ಪೆಟ್ಟಿಗೆ ಬಿಸಿಯಾದುದಕ್ಕೆ ಯಾರೂ ಅಚ್ಚರಿಪಡುವುದಿಲ್ಲ. ಬಿಸಿಯಾಗುವುದೇ ಅದರ ಕೆಲಸ. ಆದರೆ ತಂತಿಯ ಕೆಲಸ ಬಿಸಿಯಾಗುವುದಲ್ಲ, ವಿದ್ಯುತ್ತನ್ನು ತಂದು ಮುಟ್ಟಿಸುವುದು ಮಾತ್ರ. ಹಾಗಿದ್ದರೂ ಅದು ಬೆಚ್ಚಗಾಗುತ್ತದೆ. ಈ ಬಿಸುಪು ಕೈಗೆ ಹಿತವೆನಿಸುವಷ್ಟು ಇರುವವರೆಗೆ ಭಯವಿಲ್ಲ. ಗೋಡೆಯೊಳಗೆ ಕಣ್ಣಿಗೆ ಕಾಣದಂತೆ ಹುದುಗಿರುವ ತಂತಿಯಲ್ಲಿ ಅದೇ ಬಿಸುಪು ಮಿತಿಮೀರಿದರೆ ಮನೆಗೆ ಬೆಂಕಿ ಬೀಳಲು ಅಷ್ಟು ಸಾಕು. ಇಂಥ ತಂತಿ ಇಷ್ಟೇ ವಿದ್ಯುತ್ತನ್ನು ಹೊರಬಲ್ಲದು ಎಂಬ ಮಿತಿ ಎಲ್ಲಿಂದ ಬಂತು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಈ ಬಿಸುಪಿನಲ್ಲಿಯೇ ಅಡಗಿದೆ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ತ್ವವಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಒಂದರ ಹಿಂದೆ ಒಂದರಂತೆ ಬೆಳೆದ ಬಡಾವಣೆಗಳು. ಅಲ್ಲಿನ ಹಳೆಯ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಮೂವತ್ತು ನಲವತ್ತರ ನಿವೇಶನ. ನಡುಮನೆ, ಅಡುಗೆಮನೆ, ಒಂದೆರಡು ಕೋಣೆ. ಕಟ್ಟಿದ ಕಾಲಕ್ಕೆ ಆ ಮನೆಯಲ್ಲಿದ್ದುದು ಅರವತ್ತು ವ್ಯಾಟಿನ ನಾಲ್ಕು ದೀಪಗಳು, ಎರಡು ಪಂಖಗಳು, ಒಂದು ರೇಡಿಯೋ. ಎಲ್ಲವನ್ನೂ ಒಟ್ಟಿಗೆ ಹಾಕಿದರೂ ಸುಮಾರು 420 ವ್ಯಾಟ್, ಎಂದರೆ 230 ವೋಲ್ಟಿನಲ್ಲಿ ಎರಡು ಆಂಪಿಯರಿಗೂ ಕಡಿಮೆ. ಸ್ನಾನದ ನೀರು ಸೌದೆಯ ಹಂಡೆಯಲ್ಲಿ ಕಾಯುತ್ತಿತ್ತು. ಅಡುಗೆ ಸೀಮೆಎಣ್ಣೆಯ ಒಲೆಯ ಮೇಲೆ ಆಗುತ್ತಿತ್ತು. ಇಸ್ತ್ರಿಪೆಟ್ಟಿಗೆಯನ್ನೂ ಲೆಕ್ಕಕ್ಕೆ ಸೇರಿಸಿದರೆ ಐದು ಆಂಪಿಯರ್ ಆಗಬಹುದಿತ್ತು. ತಂತಿ ಎಳೆದವನು ಆ ಲೆಕ್ಕಕ್ಕೆ ತಕ್ಕ ತಂತಿಯನ್ನೇ ಎಳೆದ, ಅವನದು ತಪ್ಪಲ್ಲ.

ಇಂದು ಅದೇ ಮನೆಯ ಮೇಲೆ ಇನ್ನೊಂದು ಮಹಡಿ ಎದ್ದಿದೆ. ಸ್ನಾನದ ಮನೆಯಲ್ಲಿ ಎರಡು ಸಾವಿರ ವ್ಯಾಟಿನ ಗೀಸರ್, ಅಡುಗೆಮನೆಯಲ್ಲಿ ಸಾವಿರದ ಎಂಟುನೂರು ವ್ಯಾಟಿನ ಇಂಡಕ್ಷನ್ ಒಲೆ, ಮಲಗುವ ಕೋಣೆಯಲ್ಲಿ ಸಾವಿರದ ಆರುನೂರು ವ್ಯಾಟಿನ ಹವಾನಿಯಂತ್ರಕ ಬಂದಿವೆ. ಈ ಮೂರೇ ಸೇರಿ ಸುಮಾರು 23 ಆಂಪಿಯರುಗಳನ್ನು ಬೇಡುತ್ತವೆ. ಸುಣ್ಣಬಣ್ಣ ಹೊಸದು, ನೆಲಕ್ಕೆ ಹಾಸಿದ ಹಾಸುಗಲ್ಲು ಹೊಸದು, ಗೋಡೆಯ ಮೇಲಿನ ಸ್ವಿಚ್ಚುಗಳೂ ಹೊಸವು. ಆದರೆ ಎಷ್ಟೋ ಮನೆಗಳಲ್ಲಿ ಗೋಡೆಯೊಳಗಿನ ತಂತಿ ಮಾತ್ರ ಹಳೆಯದೇ.

ಲೋಹದಲ್ಲಿ ವಿದ್ಯುತ್ತು ಹರಿಯುವುದೆಂದರೆ ಅದರೊಳಗಿನ ಸ್ವತಂತ್ರ ಎಲೆಕ್ಟ್ರಾನುಗಳು ಒಂದು ದಿಕ್ಕಿನತ್ತ ಸರಿಯುವುದು. ಸರಿಯುವ ದಾರಿ ನಿರಾತಂಕವಾದುದಲ್ಲ. ತಾಮ್ರದ ಕಣಗಳು ತಮ್ಮ ತಮ್ಮ ಎಡೆಯಲ್ಲಿ ಸದಾ ಕಂಪಿಸುತ್ತಿರುತ್ತವೆ. ಎಲೆಕ್ಟ್ರಾನುಗಳು ಅವುಗಳಿಗೆ ತಾಕಿ ತಮ್ಮ ಶಕ್ತಿಯ ಒಂದಂಶವನ್ನು ಬಿಟ್ಟುಕೊಡುತ್ತವೆ. ಈ ಅಡಚಣೆಗೆ ರೋಧವೆಂದು ಹೆಸರು. ಜರ್ಮನಿಯ ಗೇಯೋರ್ಗ್ ಓಮನು 1827ರಲ್ಲಿ ಪ್ರಕಟಿಸಿದ ನಿಯಮದಿಂದ ರೋಧವನ್ನು ಅಳೆಯುವ ದಾರಿ ತೆರೆಯಿತು. ಅದರ ಮಾನಕ್ಕೆ ಅವನ ಹೆಸರೇ ನಿಂತಿದೆ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಒಂದು ಚದರ ಮಿಲಿಮೀಟರು ಅಡ್ಡಕೊಯ್ತದ ವಿಸ್ತೀರ್ಣವುಳ್ಳ ತಾಮ್ರದ ತಂತಿ ನೂರು ಮೀಟರು ಉದ್ದವಿದ್ದರೆ ಅದರ ರೋಧ ಸುಮಾರು 1.7 ಓಮ್. ಅಷ್ಟೇ ಉದ್ದದ, ನಾಲ್ಕು ಚದರ ಮಿಲಿಮೀಟರಿನ ತಂತಿಯ ರೋಧ ಅದರ ಕಾಲು ಭಾಗ.

ತಂತಿಯ ದಪ್ಪವನ್ನು ಹೇಳುವ ರೀತಿಯಲ್ಲಿ ಒಂದು ಗೊಂದಲವಿದೆ. ಅಂಗಡಿಯಲ್ಲಿ ‘ಒಂದೂವರೆ ಎಂ.ಎಂ. ವೈರು’, ‘ಎರಡೂವರೆ ಎಂ.ಎಂ. ವೈರು’ ಎಂದು ಕೇಳುವುದು ರೂಢಿ. ಕೇಳಿದವರಿಗೆ ಅದು ತಂತಿಯ ವ್ಯಾಸವೆಂಬ ಭಾವನೆ ಬರುತ್ತದೆ. ವಾಸ್ತವವಾಗಿ ಅದು ಅಡ್ಡಕೊಯ್ತದ ವಿಸ್ತೀರ್ಣ, ಚದರ ಮಿಲಿಮೀಟರಿನಲ್ಲಿ. ಒಂದೂವರೆ ಚದರ ಮಿಲಿಮೀಟರಿನ ಒಂಟಿ ತಂತಿಯ ವ್ಯಾಸ ಸುಮಾರು 1.4 ಮಿಲಿಮೀಟರು, ಆರು ಚದರ ಮಿಲಿಮೀಟರಿನದು ಸುಮಾರು 2.8 ಮಿಲಿಮೀಟರು. ವ್ಯಾಸ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿಯಾಗುವುದರಿಂದ ಕಣ್ಣಿಗೆ ತುಸುವೇ ದಪ್ಪವಾಗಿ ಕಾಣುವ ತಂತಿ ತೂಕದಲ್ಲಿಯೂ ಬೆಲೆಯಲ್ಲಿಯೂ ಬಹಳ ಮುಂದೆ ಹೋಗಿರುತ್ತದೆ. ಹಳೆಯ ಕೆಲಸಗಾರರ ಮಾತು ಇನ್ನೊಂದು ಬಗೆ. ಅವರು ‘ತ್ರೀ ಟ್ವೆಂಟಿ’, ‘ಸೆವೆನ್ ಟ್ವೆಂಟಿ’ ಎನ್ನುತ್ತಾರೆ. ಇಂಗ್ಲೆಂಡಿನ ಗೇಜು ಪದ್ಧತಿಯ ಇಪ್ಪತ್ತನೆಯ ಅಂಕೆಯ ಎಳೆಗಳು ಮೂರು ಅಥವಾ ಏಳು ಸೇರಿ ಹೊಸೆದ ತಂತಿ ಎಂದು ಅದರ ಅರ್ಥ. ಆ ಪದ್ಧತಿಯಲ್ಲಿ ಅಂಕೆ ಏರಿದಂತೆ ಎಳೆ ತೆಳುವಾಗುತ್ತದೆ! ಇಪ್ಪತ್ತರ ಎಳೆಯ ವ್ಯಾಸ 0.914 ಮಿಲಿಮೀಟರು, ಆದ್ದರಿಂದ ‘ತ್ರೀ ಟ್ವೆಂಟಿ’ ಎಂದರೆ ಈಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ಚದರ ಮಿಲಿಮೀಟರು.

ರೋಧವಿರುವಲ್ಲಿ ಉಷ್ಣ ಹುಟ್ಟಲೇಬೇಕು. ಎಷ್ಟು ಹುಟ್ಟುತ್ತದೆಂಬುದನ್ನು ಇಂಗ್ಲೆಂಡಿನ ಜೇಮ್ಸ್ ಜೌಲನು 1841ರಲ್ಲಿ ತೋರಿಸಿಕೊಟ್ಟ. ಪ್ರವಾಹವನ್ನು ಅದರಿಂದಲೇ ಗುಣಿಸಿ, ಬಂದುದನ್ನು ರೋಧದಿಂದ ಗುಣಿಸಿದರೆ ಪ್ರತಿ ಸೆಕೆಂಡಿಗೆ ಹುಟ್ಟುವ ಉಷ್ಣ ಸಿಗುತ್ತದೆ. ಪ್ರವಾಹವು ಎರಡು ಬಾರಿ ಗುಣಕವಾಗಿ ಬರುವುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಪ್ರವಾಹ ಇಮ್ಮಡಿಯಾದರೆ ಉಷ್ಣ ನಾಲ್ಮಡಿ. ಮುಮ್ಮಡಿಯಾದರೆ ಒಂಬತ್ತು ಪಟ್ಟು. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಐದು ಆಂಪಿಯರ್ ಹರಿದಾಗ ಪ್ರತಿ ಮೀಟರಿನಲ್ಲಿಯೂ ಅರ್ಧ ವ್ಯಾಟಿಗೂ ಕಡಿಮೆ ಉಷ್ಣ ಹುಟ್ಟುತ್ತದೆ. ಇದು ತಿಳಿಯುವುದೇ ಇಲ್ಲ. ಇಪ್ಪತ್ತು ಆಂಪಿಯರ್ ಹರಿದರೆ ಪ್ರತಿ ಮೀಟರಿಗೆ ಸುಮಾರು ಏಳು ವ್ಯಾಟ್. ಮೇಲೆ ಹೇಳಿದ ಮನೆಯಲ್ಲಿ ಹೊರೆ ಐದು ಆಂಪಿಯರಿನಿಂದ ಇಪ್ಪತ್ತಮೂರಕ್ಕೆ ಏರಿತು. ‘ಐದು ಪಟ್ಟಿಗೂ ಕಡಿಮೆ ತಾನೆ’ ಎಂದು ಮನೆಯವರು ಸಮಾಧಾನ ತಾಳಬಹುದು. ತಂತಿಯ ಪಾಲಿಗೆ ಬಂದ ಉಷ್ಣ ಇಪ್ಪತ್ತು ಪಟ್ಟನ್ನು ಮೀರಿದೆ.

ಹಾಗಾದರೆ ವಿದ್ಯುದ್ದೀಪದೊಳಗಿನ ತಂತು ಬೆಳ್ಳಗೆ ಉರಿಯುವಾಗ ಅದಕ್ಕೆ ವಿದ್ಯುತ್ತನ್ನು ತರುವ ತಂತಿ ಏಕೆ ತಣ್ಣಗಿರುತ್ತದೆ? ಎರಡರಲ್ಲಿಯೂ ಹರಿಯುವುದು ಒಂದೇ ಪ್ರವಾಹ. ಅರವತ್ತು ವ್ಯಾಟಿನ ದೀಪದಲ್ಲಿ ಅದು ಸುಮಾರು ಕಾಲು ಆಂಪಿಯರ್. ವ್ಯತ್ಯಾಸವಿರುವುದು ರೋಧದಲ್ಲಿ. ಟಂಗ್‌ಸ್ಟನ್ ಲೋಹದ ಆ ತಂತು ಕೂದಲಿನಂತೆ ಸೂಕ್ಷ್ಮವಾದುದು. ಕಾದು ಬೆಳಗುವಾಗ ಅದರ ರೋಧ ಸುಮಾರು 880 ಓಮ್. ಸ್ವಿಚ್ಚಿನ ಹಲಗೆಯಿಂದ ದೀಪಕ್ಕೆ ಹೋಗಿ ಮರಳುವ ಇಪ್ಪತ್ತು ಮೀಟರು ತಾಮ್ರದ ತಂತಿಯ ರೋಧ ಕಾಲು ಓಮಿನಷ್ಟು. ಉಷ್ಣವೆಲ್ಲ ರೋಧ ಹೆಚ್ಚಿರುವ ಕಡೆ ಹುಟ್ಟುತ್ತದೆ. 1936ರಲ್ಲಿ ಸ್ಥಾಪನೆಯಾಗಿ ರಾಜಾಜಿನಗರದ ನೆರೆಯ ಮಲ್ಲೇಶ್ವರದಲ್ಲಿ ಹಲವು ದಶಕಗಳ ಕಾಲ ನಡೆದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ದೀಪಗಳು ನಾಡಿನ ಮನೆಮನೆಗಳಲ್ಲಿ ಬೆಳಗಿದ್ದವು. ಇಂದು ಆ ಕಾರ್ಖಾನೆ ನಿಂತುಹೋಗಿದೆ. ಅದು ತಯಾರಿಸುತ್ತಿದ್ದ ಬಗೆಯ ದೀಪವೂ ಮನೆಗಳಿಂದ ಮರೆಯಾಗುತ್ತಿದೆ. ಆದರೆ ತೆಳುವಾದ ದಾರಿಯಲ್ಲಿ ವಿದ್ಯುತ್ತು ಇಕ್ಕಟ್ಟಿಗೆ ಸಿಕ್ಕಿದರೆ ಏನಾಗುತ್ತದೆಂಬುದನ್ನು ಅಷ್ಟು ಚೆನ್ನಾಗಿ ತೋರಿಸುವ ವಸ್ತು ಇನ್ನೊಂದಿಲ್ಲ. ಗೋಡೆಯ ತಂತಿಗೂ ದೀಪದ ತಂತುವಿಗೂ ಇರುವ ಅಂತರ ಜಾತಿಯದಲ್ಲ, ಪ್ರಮಾಣದ್ದು.

ಉಷ್ಣ ಹುಟ್ಟಿದ ಮಾತ್ರಕ್ಕೆ ತಂತಿ ಕೆಡುವುದಿಲ್ಲ. ಹುಟ್ಟಿದ ಉಷ್ಣ ಹೊರಗೆ ಹೋಗುತ್ತಲೂ ಇರುತ್ತದೆ. ತಂತಿ ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯಾಗಿದೆಯೋ ಅಷ್ಟು ವೇಗವಾಗಿ ಅದು ಉಷ್ಣವನ್ನು ಕಳೆದುಕೊಳ್ಳುತ್ತದೆ. ಹುಟ್ಟುವುದೂ ಕಳೆಯುವುದೂ ಸರಿಸಮವಾದಾಗ ತಂತಿಯ ಬಿಸಿ ಏರುವುದು ನಿಲ್ಲುತ್ತದೆ. ಅದು ಎಲ್ಲಿ ನಿಲ್ಲುತ್ತದೆಂಬುದೇ ಮುಖ್ಯವಾದ ಪ್ರಶ್ನೆ. ಆದ್ದರಿಂದ ತಂತಿಯ ಸಾಮರ್ಥ್ಯವೆಂದರೆ ಅದು ಎಷ್ಟು ವಿದ್ಯುತ್ತನ್ನು ಹಾಯಗೊಡುತ್ತದೆಂಬುದಲ್ಲ. ಹಾಯಗೊಡುವಾಗ ಹುಟ್ಟಿದ ಉಷ್ಣವನ್ನು ಎಷ್ಟು ಚೆನ್ನಾಗಿ ಹೊರಹಾಕುತ್ತದೆಂಬುದು.

ಈ ಮಾತು ಹಿಡಿದು ಹೊರಟರೆ ಒಂದು ಸ್ವಾರಸ್ಯ ಕಾಣುತ್ತದೆ. ತಂತಿಯ ವ್ಯಾಸವನ್ನು ಇಮ್ಮಡಿ ಮಾಡಿದರೆ ತಾಮ್ರ ನಾಲ್ಮಡಿಯಾಗುತ್ತದೆ. ಪ್ರವಾಹವನ್ನೂ ನಾಲ್ಕು ಪಟ್ಟು ಹೊರಬಹುದೆಂದು ತೋರುತ್ತದೆ. ಆದರೆ ಉಷ್ಣ ಹೊರಹೋಗುವುದು ಮೈಯ ಮೂಲಕ. ವ್ಯಾಸ ಇಮ್ಮಡಿಯಾದರೆ ಮೈ ಎರಡು ಪಟ್ಟು ಮಾತ್ರ ಹೆಚ್ಚುತ್ತದೆ. ರೋಧ ಕಾಲು ಭಾಗಕ್ಕೆ ಇಳಿದುದರಿಂದ ಒಂದು ಲಾಭ, ಮೈ ಇಮ್ಮಡಿಯಾದುದರಿಂದ ಇನ್ನೊಂದು ಲಾಭ. ಎರಡೂ ಸೇರಿ ಪ್ರವಾಹದ ವರ್ಗ ಎಂಟು ಪಟ್ಟು ಏರಬಹುದು. ಎಂಟರ ವರ್ಗಮೂಲ ಸುಮಾರು 2.8. ಎಂದರೆ ನಾಲ್ಕು ಪಟ್ಟು ತಾಮ್ರ ಹಾಕಿದರೂ ದೊರೆಯುವುದು ಮೂರು ಪಟ್ಟಿಗೂ ಕಡಿಮೆ ಸಾಮರ್ಥ್ಯ. ಊಟದ ತಟ್ಟೆಯಲ್ಲಿ ಇದಕ್ಕೊಂದು ನಿದರ್ಶನವಿದೆ. ದೊಡ್ಡ ರಾಗಿಮುದ್ದೆ ಹೊರಗೆ ಆರಿದರೂ ಒಳಗೆ ಸುಡುತ್ತಿರುತ್ತದೆ. ಅದನ್ನೇ ಮುರಿದು ಸಣ್ಣ ತುತ್ತುಗಳಾಗಿ ಹರಡಿದರೆ ಬೇಗ ಆರುತ್ತದೆ. ಅಂತೆಯೇ ದಪ್ಪ ತಂತಿಯೊಂದರಲ್ಲಿರುವ ತಾಮ್ರವನ್ನು ನಾಲ್ಕು ತೆಳು ತಂತಿಗಳಾಗಿ ಮಾಡಿ ಬೇರೆ ಬೇರೆ ದಾರಿಯಲ್ಲಿ ಎಳೆದರೆ ಅದು ಹೆಚ್ಚು ಹೊರುತ್ತದೆ. ಗೀಸರಿಗೆ ಒಂದು, ಅಡುಗೆಮನೆಗೆ ಒಂದು, ಹವಾನಿಯಂತ್ರಕಕ್ಕೆ ಒಂದು ಎಂದು ಮಂಡಲಗಳನ್ನು ಬೇರ್ಪಡಿಸುವ ಪದ್ಧತಿಯ ಹಿಂದೆ ಈ ವಿವೇಕವೂ ಇದೆ.

ಗೋಡೆಯೊಳಗಿನ ತಂತಿಗೆ ಆ 2.8ರ ಭಾಗ್ಯವೂ ಇಲ್ಲ. ಬಯಲಿನ ಗಾಳಿಯಲ್ಲಿರುವ ತಂತಿಯ ಲೆಕ್ಕ ಅದು. ಮನೆಯ ತಂತಿಗೆ ಪಿ.ವಿ.ಸಿ.ಯ ಹೊದಿಕೆ, ಅದರ ಮೇಲೆ ಕೊಳವೆ, ಕೊಳವೆಯ ಸುತ್ತ ಗಾರೆ. ಜೊತೆಗೆ ಅದೇ ಕೊಳವೆಯಲ್ಲಿ ಇನ್ನೂ ನಾಲ್ಕಾರು ತಂತಿಗಳು ತಮ್ಮ ತಮ್ಮ ಬಿಸಿಯನ್ನು ಸೇರಿಸುತ್ತಿರುತ್ತವೆ. ತಾಮ್ರ ಕರಗಲು ಸಾವಿರದ ಎಂಬತ್ತು ಡಿಗ್ರಿಗೂ ಮೀರಿದ ಶಾಖ ಬೇಕು. ಆದರೆ ಸಾಮಾನ್ಯ ಪಿ.ವಿ.ಸಿ. ಹೊದಿಕೆಯ ತಂತಿ ಎಪ್ಪತ್ತು ಡಿಗ್ರಿ ಸೆಲ್ಸಿಯಸನ್ನು ಮೀರಬಾರದೆಂಬುದು ನಿಯಮ. ಅದಕ್ಕೂ ಮೇಲೆ ಬಹುಕಾಲ ಕಾದರೆ ಹೊದಿಕೆ ಮೊದಲು ಮೆತ್ತಗಾಗಿ, ವರ್ಷಗಳು ಕಳೆದಂತೆ ಗಡುಸಾಗಿ, ಬಿರುಕುಬಿಟ್ಟು, ತಾಮ್ರವನ್ನು ಬೆತ್ತಲೆ ಮಾಡುತ್ತದೆ. ಹೀಗಾಗಿ ತಂತಿಯ ಮಿತಿಯನ್ನು ಗೊತ್ತುಮಾಡುವುದು ಲೋಹವಲ್ಲ, ಅದರ ಮೇಲಿನ ಹೊದಿಕೆ. ಕೊಳವೆಯೊಳಗಿನ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಸುಮಾರು ಹದಿನಾಲ್ಕು ಆಂಪಿಯರ್, ಎರಡೂವರೆಗೆ ಹದಿನೆಂಟು ಹತ್ತೊಂಬತ್ತು, ನಾಲ್ಕಕ್ಕೆ ಇಪ್ಪತ್ತೈದು, ಆರಕ್ಕೆ ಮೂವತ್ತೆರಡರ ಆಸುಪಾಸು ಎಂದು ಸಾಧಾರಣವಾಗಿ ಎಣಿಸುತ್ತಾರೆ. ಒಂದೂವರೆಯಿಂದ ಆರಕ್ಕೆ ತಾಮ್ರ ನಾಲ್ಕು ಪಟ್ಟು ಏರಿತು; ಸಾಮರ್ಥ್ಯ ಏರಿದ್ದು ಎರಡೂಕಾಲು ಪಟ್ಟು. ಬೇಸಗೆಯ ಸೆಕೆಯಲ್ಲಿ, ಬಿಸಿಲು ಕಾಯುವ ತಾರಸಿಯಡಿಯಲ್ಲಿ, ತುಂಬಿ ತುಳುಕುವ ಕೊಳವೆಯಲ್ಲಿ ಇದಕ್ಕಿಂತಲೂ ಕಡಿಮೆ. ಸಾಲದುದಕ್ಕೆ ತಾಮ್ರ ಬಿಸಿಯಾದಂತೆ ಅದರ ರೋಧವೂ ಏರುತ್ತದೆ. ಐವತ್ತು ಡಿಗ್ರಿ ಹೆಚ್ಚು ಕಾದರೆ ಐದರಲ್ಲೊಂದು ಪಾಲು ರೋಧ ಹೆಚ್ಚಿ, ಬಿಸಿಯೇ ಬಿಸಿಯನ್ನು ಹುಟ್ಟಿಸುತ್ತದೆ.

ಇಷ್ಟೆಲ್ಲ ಕಷ್ಟಕ್ಕೆ ಇನ್ನೊಂದು ಪರಿಹಾರವಿದೆ. ತಂತಿಯನ್ನು ದಪ್ಪ ಮಾಡುವ ಬದಲು ಪ್ರವಾಹವನ್ನೇ ಇಳಿಸುವುದು. ಸಾಗಿಸುವ ಶಕ್ತಿ ವೋಲ್ಟು ಮತ್ತು ಆಂಪಿಯರುಗಳ ಗುಣಲಬ್ಧವಾದುದರಿಂದ, ವೋಲ್ಟನ್ನು ಏರಿಸಿದರೆ ಆಂಪಿಯರು ಇಳಿದರೂ ಶಕ್ತಿ ಅಷ್ಟೇ ತಲುಪುತ್ತದೆ. ಒಂದು ಲಕ್ಷ ವ್ಯಾಟನ್ನು 230 ವೋಲ್ಟಿನಲ್ಲಿ ಕಳುಹಿಸಬೇಕಾದರೆ 435 ಆಂಪಿಯರುಗಳು ಬೇಕು. 23,000 ವೋಲ್ಟಿನಲ್ಲಾದರೆ ನಾಲ್ಕೂವರೆಯೂ ಬೇಡ. ಪ್ರವಾಹ ನೂರರಲ್ಲೊಂದು ಪಾಲಾದಾಗ ಅದೇ ತಂತಿಯಲ್ಲಿ ಹುಟ್ಟುವ ಉಷ್ಣ ಹತ್ತು ಸಾವಿರದಲ್ಲೊಂದು ಪಾಲಾಗುತ್ತದೆ. ಮೈಸೂರು ಸಂಸ್ಥಾನವು ಈ ತತ್ತ್ವವನ್ನು ನೆಚ್ಚಿ ಒಂದು ಸಾಹಸವನ್ನೇ ಮಾಡಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆ 1902ರಲ್ಲಿ ಸಿದ್ಧವಾಯಿತು. ಕಾವೇರಿಯ ತಟದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಷ್ಟು ದೂರ ಮನೆಯ ವೋಲ್ಟಿನಲ್ಲಿ ಕಳುಹಿಸಹೊರಟಿದ್ದರೆ ತಂತಿಯಲ್ಲ, ತಾಮ್ರದ ತೊಲೆಗಳೇ ಬೇಕಾಗುತ್ತಿದ್ದವು. ದಾರಿಯಲ್ಲಿ ಉಷ್ಣವಾಗಿ ಸೋರಿ ಗಣಿಗೆ ತಲುಪುತ್ತಿದ್ದುದು ಅತ್ಯಲ್ಪ. ಹಲವು ಹತ್ತು ಸಾವಿರ ವೋಲ್ಟಿಗೆ ಏರಿಸಿದುದರಿಂದಲೇ ಸಾಧಾರಣ ತಂತಿಗಳಿಗೆ ಆ ಹೊರೆ ಸಾಧ್ಯವಾಯಿತು. ಮೂರು ವರ್ಷಗಳ ಬಳಿಕ, 1905ರಲ್ಲಿ, ಅದೇ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು.

ಊರಿಂದೂರಿಗೆ ಹೋಗುವ ತಂತಿಗಳು ಇಂದು ಬಹುಮಟ್ಟಿಗೆ ಅಲ್ಯುಮಿನಿಯಂನವು. ಅಲ್ಯುಮಿನಿಯಂ ತಾಮ್ರದಷ್ಟು ಒಳ್ಳೆಯ ವಾಹಕವಲ್ಲ. ಅದೇ ರೋಧಕ್ಕೆ ಅದರ ವಿಸ್ತೀರ್ಣ ಒಂದೂವರೆ ಪಟ್ಟಿಗಿಂತ ಹೆಚ್ಚಿರಬೇಕು. ಆದರೂ ತೂಕದಲ್ಲಿ ಅದು ತಾಮ್ರದ ಅರ್ಧದಷ್ಟೇ ಆಗುವುದರಿಂದ ಕಂಬಗಳಿಗೆ ಹಗುರ. ಎಳೆತವನ್ನು ತಾಳಲು ನಡುವೆ ಉಕ್ಕಿನ ಎಳೆಯನ್ನಿಟ್ಟು ಸುತ್ತಲೂ ಅಲ್ಯುಮಿನಿಯಂ ಎಳೆಗಳನ್ನು ಹೊಸೆಯುತ್ತಾರೆ. ಇವುಗಳ ಗಾತ್ರಕ್ಕೆ ಪ್ರಾಣಿಗಳ ಹೆಸರುಗಳನ್ನು ಇಟ್ಟಿರುವುದೊಂದು ವಿನೋದ. ಇಪ್ಪತ್ತು ಚದರ ಮಿಲಿಮೀಟರಿನದು ‘ಸ್ಕ್ವಿರಲ್’, ಎಂದರೆ ಅಳಿಲು, ಐವತ್ತರದು ‘ರ್‍ಯಾಬಿಟ್’, ಮೊಲ, ನೂರರದು ‘ಡಾಗ್’, ಅದಕ್ಕೂ ಮೇಲೆ ತೋಳ, ಚಿರತೆ, ಝೀಬ್ರಾ. ‘ಈ ಬೀದಿಗೆ ಮೊಲ ಸಾಕು’ ಎಂದು ಲೈನ್‌ಮನ್ ಹೇಳಿದರೆ ಅವನು ಬೇಟೆಯ ಮಾತಾಡುತ್ತಿಲ್ಲ.

ವೋಲ್ಟು ಇಳಿದಲ್ಲಿ ಗಾತ್ರ ಏರಲೇಬೇಕೆಂಬುದಕ್ಕೆ ವಿಜಯನಗರದ ಮೇಲಿನ ಮೆಟ್ರೋ ಮಾರ್ಗದಲ್ಲಿ ಸಾಕ್ಷಿಯಿದೆ. 2015ರಲ್ಲಿ ಆರಂಭವಾಗಿ 2021ರಲ್ಲಿ ಕೆಂಗೇರಿಯವರೆಗೆ ಮುಂದುವರಿದ ಈ ದಾರಿಯಲ್ಲಿ ರೈಲಿನ ತಲೆಯ ಮೇಲೆ ತಂತಿಗಳಿಲ್ಲ. ಹಳಿಗಳ ಪಕ್ಕದಲ್ಲಿಯೇ ಓಡುವ ಮೂರನೆಯ ಕಂಬಿಯೊಂದು 750 ವೋಲ್ಟಿನ ವಿದ್ಯುತ್ತನ್ನು ಒದಗಿಸುತ್ತದೆ. ನಿಲ್ದಾಣದಿಂದ ಹೊರಟು ವೇಗ ಹಿಡಿಯುವ ರೈಲಿಗೆ ಹತ್ತು ಲಕ್ಷ ವ್ಯಾಟ್ ಬೇಕೆಂದು ಇಟ್ಟುಕೊಂಡರೂ ಸಾವಿರದ ಮುನ್ನೂರು ಆಂಪಿಯರುಗಳಾದುವು. ಅಷ್ಟನ್ನು ಹೊರಲು ತಂತಿ ಸಾಲದು, ಕಂಬಿಯೇ ಬೇಕು.

ಬೀದಿಯ ಟ್ರಾನ್ಸ್‌ಫಾರ್ಮರು ವೋಲ್ಟನ್ನು ಮನೆಗಳಿಗೆ ತಕ್ಕಂತೆ ಇಳಿಸುತ್ತದೆ. ಅಲ್ಲಿಂದ ಮುಂದೆ ವೋಲ್ಟನ್ನು ಏರಿಸುವ ಉಪಾಯ ನಡೆಯದು. ಅಷ್ಟು ಹೆಚ್ಚು ವೋಲ್ಟು ಮನೆಯೊಳಗೆ ಜೀವಕ್ಕೆ ಅಪಾಯ. ಮನೆಯಲ್ಲಿ ಉಳಿಯುವ ದಾರಿ ತಂತಿಯ ಗಾತ್ರವೊಂದೇ. ಮಗ್ಗದ ಮನೆಗಳಿಗೂ ಸಣ್ಣ ಕಾರ್ಖಾನೆಗಳಿಗೂ ಇದು ಅನ್ವಯಿಸುತ್ತದೆ. ಕಾಮಾಕ್ಷಿಪಾಳ್ಯ, ರಾಜಾಜಿನಗರಗಳ ಕೈಗಾರಿಕಾ ಬೀದಿಗಳಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿಗಳುಂಟು. ಒಳ್ಳೆಯ ಕೆಲಸಗಾರ ಹಳೆಯ ಸುರುಳಿಯನ್ನು ಬಿಚ್ಚುವಾಗ ಮೊದಲು ಮಾಡುವ ಕೆಲಸವೆಂದರೆ ಅದರ ಎಳೆಯ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು ಬರೆದಿಟ್ಟುಕೊಳ್ಳುವುದು. ತುಸು ತೆಳುವಾದ ತಂತಿ ಸುತ್ತಿದರೂ ಮೋಟಾರು ಅಂದು ತಿರುಗುತ್ತದೆ. ಗಿರಾಕಿ ಹಣ ಕೊಟ್ಟು ಹೋಗುತ್ತಾನೆ. ಕೆಲವು ತಿಂಗಳಲ್ಲಿ ಅದೇ ಮೋಟಾರು ಸುಟ್ಟ ವಾಸನೆಯೊಡನೆ ಮರಳಿ ಬರುತ್ತದೆ.

ಹೊರೆ ಮಿತಿಮೀರಿದಾಗ ತಂತಿಯನ್ನು ಕಾಯುವುದಕ್ಕೆಂದೇ ಫ್ಯೂಸ್ ಇದೆ. ಫ್ಯೂಸ್ ಇರುವುದು ಗೀಸರನ್ನೋ ದೂರದರ್ಶನವನ್ನೋ ರಕ್ಷಿಸಲು ಎಂಬ ನಂಬಿಕೆ ವ್ಯಾಪಕವಾಗಿದೆ. ಅದರ ಮೊದಲ ಕರ್ತವ್ಯ ಗೋಡೆಯೊಳಗಿನ ತಂತಿಯ ರಕ್ಷಣೆ. ತಂತಿಗಳ ಸಾಲಿನಲ್ಲಿ ಬೇಕೆಂದೇ ಒಂದು ತೆಳು ಎಳೆಯನ್ನಿಟ್ಟು, ಉಳಿದವು ಕಾಯುವ ಮೊದಲೇ ಅದು ಕರಗಿ ತುಂಡಾಗುವಂತೆ ಮಾಡಿದ ಏರ್ಪಾಡು ಅದು. ಎಷ್ಟು ದಪ್ಪದ ಎಳೆ ಎಷ್ಟು ಪ್ರವಾಹಕ್ಕೆ ಕರಗುತ್ತದೆಂಬುದನ್ನು ಬ್ರಿಟನ್ನಿನ ವಿಲಿಯಂ ಪ್ರೀಸ್ 1880ರ ದಶಕದಲ್ಲಿ ಪ್ರಯೋಗಗಳಿಂದ ಕಂಡುಕೊಂಡ. ವ್ಯಾಸ ಇಮ್ಮಡಿಯಾದರೆ ಕರಗಿಸುವ ಪ್ರವಾಹ ಸುಮಾರು 2.8 ಪಟ್ಟು, ಮೇಲೆ ಕಂಡ ಸಂಖ್ಯೆಯೇ ಇಲ್ಲಿಯೂ ಬಂದಿದೆ, ಏಕೆಂದರೆ ಕಾರಣವೂ ಒಂದೇ. ಅವನ ಲೆಕ್ಕದಂತೆ ಒಂದು ಮಿಲಿಮೀಟರು ವ್ಯಾಸದ ತೆರೆದ ತಾಮ್ರದ ತಂತಿ ಕರಗಲು ಸುಮಾರು 80 ಆಂಪಿಯರ್ ಬೇಕು. ಹತ್ತು ಆಂಪಿಯರಿನ ಫ್ಯೂಸಿಗೆ ಬಳಸುವ ಎಳೆಯ ವ್ಯಾಸ ಮಿಲಿಮೀಟರಿನ ಮೂರರಲ್ಲೊಂದು ಭಾಗದಷ್ಟು ಮಾತ್ರ. ಅದು ಹದಿನಾರು ಹದಿನೇಳು ಆಂಪಿಯರಿಗೆ ಕರಗುತ್ತದೆ.

ರಾತ್ರಿ ಹೊತ್ತಿನಲ್ಲಿ ಫ್ಯೂಸ್ ಹೋದಾಗ ನಡೆಯುವ ಅನರ್ಥ ಇಲ್ಲಿಂದ ಸ್ಪಷ್ಟವಾಗುತ್ತದೆ. ಫ್ಯೂಸಿನ ಎಳೆ ಮನೆಯಲ್ಲಿರುವುದಿಲ್ಲ. ಯಾರೋ ಒಂದು ತುಂಡು ತಂತಿಯ ಹೊದಿಕೆ ಸುಲಿದು ಅದರ ತಾಮ್ರವನ್ನೇ ಪಿಂಗಾಣಿಯ ಫ್ಯೂಸಿಗೆ ಸುತ್ತುತ್ತಾರೆ. ದೀಪ ಬರುತ್ತದೆ. ‘ಇನ್ನು ಇದು ಹೋಗುವುದೇ ಇಲ್ಲ’ ಎಂದು ಹೆಮ್ಮೆಯನ್ನೂ ಪಡುತ್ತಾರೆ. ಆ ಮಾತು ಅಕ್ಷರಶಃ ಸತ್ಯ; ಅಪಾಯವಿರುವುದು ಅಲ್ಲಿಯೇ. ಎಪ್ಪತ್ತು ಎಂಬತ್ತು ಆಂಪಿಯರಿಗೂ ಕರಗದ ಎಳೆಯ ಹಿಂದೆ ಹದಿನೈದು ಹದಿನಾರು ಆಂಪಿಯರು ಮಾತ್ರ ತಾಳಬಲ್ಲ ತಂತಿಯಿದೆ. ಈಗ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಕೆಡುವ ವಸ್ತು ಫ್ಯೂಸ್ ಅಲ್ಲ, ಗೋಡೆಯೊಳಗಿನ ಹೊದಿಕೆ. ಫ್ಯೂಸಿನ ಸ್ಥಾನಕ್ಕೆ ಬಂದಿರುವ ಎಂ.ಸಿ.ಬಿ. ಎಂಬ ಸ್ವಯಂಚಾಲಿತ ಸ್ವಿಚ್ಚಿನಲ್ಲಿ ಹೀಗೆ ಎಳೆ ಸುತ್ತಲು ಅವಕಾಶವಿಲ್ಲವೆಂಬುದು ನಿಜ. ಆದರೆ ಅದು ಪದೇ ಪದೇ ಬೀಳುತ್ತದೆಂದು ಹದಿನಾರರದನ್ನು ತೆಗೆಸಿ ಮೂವತ್ತೆರಡರದನ್ನು ಹಾಕಿಸುವವರಿದ್ದಾರೆ. ತಂತಿಯನ್ನು ಬದಲಿಸದೆ ಕಾವಲುಗಾರನನ್ನು ಬದಲಿಸಿದಂತಾಯಿತು. ಹೊರೆಗಿಂತ ಎಂ.ಸಿ.ಬಿ.ಯ ಅಂಕೆ ದೊಡ್ಡದಾಗಿರಬೇಕು. ಆದರೆ ಆ ಅಂಕೆ ತಂತಿಯ ಸಾಮರ್ಥ್ಯವನ್ನು ಎಂದಿಗೂ ದಾಟಬಾರದು.

ಹೊರೆ ಎಷ್ಟು ಹೊತ್ತು ಇರುತ್ತದೆಂಬುದೂ ಗಣನೆಗೆ ಬರಬೇಕು. ಇಸ್ತ್ರಿಪೆಟ್ಟಿಗೆ ಕಾದು ನಿಂತು ಮತ್ತೆ ಕಾಯುತ್ತದೆ. ನಡುವೆ ತಂತಿಗೆ ಆರಲು ಬಿಡುವು ದೊರೆಯುತ್ತದೆ. ಗೀಸರು ಹದಿನೈದು ಇಪ್ಪತ್ತು ನಿಮಿಷದಲ್ಲಿ ತನ್ನ ಕೆಲಸ ಮುಗಿಸುತ್ತದೆ. ಈಚಿನ ವರ್ಷಗಳಲ್ಲಿ ಮನೆಯ ಮುಂದೆ ನಿಲ್ಲುತ್ತಿರುವ ವಿದ್ಯುತ್ ಕಾರಿನ ಕ್ರಮ ಹಾಗಲ್ಲ. ಮೂರು ಸಾವಿರದ ಮುನ್ನೂರು ವ್ಯಾಟಿನ ಚಾರ್ಜರು ಹದಿನಾಲ್ಕು ಆಂಪಿಯರನ್ನು ರಾತ್ರಿಯಿಡೀ ಬಿಡುವಿಲ್ಲದೆ ಎಳೆಯುತ್ತದೆ. ಹಳೆಯ ಪಂಪಿನ ಸ್ವಿಚ್ಚಿಗೆಂದು ಎಳೆದಿದ್ದ ತಂತಿಗೆ ಅದನ್ನು ಸಿಕ್ಕಿಸಿದರೆ ಬೆಳಗಾಗುವವರೆಗೆ ಆ ತಂತಿಗೆ ಉಸಿರಾಡಲು ಸಮಯವಿಲ್ಲ.

ತಂತಿ ಸರಿಯಾದ ಗಾತ್ರದ್ದಾದರೂ ಕೆಡುವ ಎಡೆಗಳು ಇನ್ನೂ ಇವೆ. ಪ್ರವಾಹಕ್ಕೆ ದೊರೆಯುವ ದಾರಿಯ ಅತಿ ಕಿರಿದಾದ ಭಾಗ ಸಾಮಾನ್ಯವಾಗಿ ಇರುವುದು ತಂತಿಯ ನಡುವಿನಲ್ಲಲ್ಲ, ಅದರ ತುದಿಯಲ್ಲಿ. ಹೊದಿಕೆ ಸುಲಿಯುವಾಗ ಚಾಕು ತಾಗಿ ನಾಲ್ಕಾರು ಎಳೆಗಳು ಕಡಿದಿರುತ್ತವೆ. ಪ್ಲಗ್ಗಿನ ಸ್ಕ್ರೂ ಸಡಿಲವಾಗಿ ಒಂದು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ಲೋಹಕ್ಕೆ ಲೋಹ ತಾಕಿರುತ್ತದೆ. ಎರಡೂವರೆ ಚದರ ಮಿಲಿಮೀಟರಿನ ತಂತಿ ಆ ಒಂದು ಬಿಂದುವಿನಲ್ಲಿ ಅರ್ಧ ಚದರ ಮಿಲಿಮೀಟರಿನದಾಗಿ ವರ್ತಿಸುತ್ತದೆ. ಪ್ಲಗ್ಗಿನ ಕಾಲುಗಳು ಕಪ್ಪಾಗುವುದು, ಸಾಕೆಟ್ಟಿನ ಅಂಚು ಕಂದಿ ಕರಗುವುದು ಇದರಿಂದಲೇ. ತಾಮ್ರದ ಅಭಾವವಿದ್ದ ಕಾಲದಲ್ಲಿ ಕಟ್ಟಿದ ಮನೆಗಳಲ್ಲಿ ಅಲ್ಯುಮಿನಿಯಂ ತಂತಿಗಳಿದ್ದುದುಂಟು. ಅಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಆ ಲೋಹದ ಮೇಲೆ ಗಾಳಿ ತಾಕಿದೊಡನೆ ವಿದ್ಯುತ್ತನ್ನು ತಡೆಯುವ ಪೊರೆ ಕಟ್ಟುತ್ತದೆ. ಸ್ಕ್ರೂವಿನ ಒತ್ತಡಕ್ಕೆ ಅದು ನಿಧಾನವಾಗಿ ಜರುಗಿ ಸಡಿಲವಾಗುತ್ತದೆ. ಹಳೆಯ ಅಲ್ಯುಮಿನಿಯಂಗೆ ಹೊಸ ತಾಮ್ರವನ್ನು ಕೈಯಿಂದ ಹೊಸೆದು ಪಟ್ಟಿ ಸುತ್ತಿ ಬಿಟ್ಟ ಗಂಟು ಮನೆಯಲ್ಲಿ ಅತ್ಯಂತ ಅಪಾಯದ ಸ್ಥಳ.

ಬಸವೇಶ್ವರನಗರದಲ್ಲೋ ರಾಜಾಜಿನಗರದಲ್ಲೋ ಹಳೆಯ ಮನೆಗೆ ಹೊಸ ತಂತಿ ಹಾಕುವ ಕೆಲಸ ನಡೆಯುವಾಗ ಗೋಡೆಯನ್ನೆಲ್ಲ ಒಡೆಯುವುದಿಲ್ಲ. ಕೊಳವೆ ಒಳ್ಳೆಯ ಸ್ಥಿತಿಯಲ್ಲಿದ್ದರೆ ಕೆಲಸಗಾರ ಹಳೆಯ ತಂತಿಯ ತುದಿಗೆ ಹೊಸದನ್ನು ಬಿಗಿದು, ಇನ್ನೊಂದು ತುದಿಯಿಂದ ಹಳೆಯದನ್ನು ಎಳೆಯುತ್ತಾನೆ. ಹಳೆಯದು ಹೊರಬರುತ್ತಿದ್ದಂತೆ ಹೊಸದು ಅದರ ಹಿಂದೆಯೇ ಕೊಳವೆಯನ್ನು ಹೊಗುತ್ತದೆ. ಹೊರಗೆ ಬಂದ ತಂತಿಯನ್ನು ನೆಲದ ಮೇಲೆ ಚಾಚಿ ನೋಡಿದರೆ ಅದರ ಚರಿತ್ರೆಯನ್ನೇ ಓದಬಹುದು. ಮಲಗುವ ಕೋಣೆಯ ದೀಪಕ್ಕೆ ಹೋಗಿದ್ದ ಭಾಗದ ಹೊದಿಕೆ ಹೊಸದರಂತೆ ಕೆಂಪಾಗಿ ಮೆತ್ತಗಿರುತ್ತದೆ. ಸ್ನಾನದ ಮನೆಯತ್ತ ಹೋಗಿದ್ದ ಭಾಗ ಕಂದುಬಣ್ಣಕ್ಕೆ ತಿರುಗಿ, ಬಗ್ಗಿಸಿದಲ್ಲಿ ಬಿರಿದು ಪುಡಿಯಾಗಿ ಉದುರುತ್ತದೆ. ಗೀಸರಿನ ಸ್ವಿಚ್ಚಿನ ಹತ್ತಿರದ ಗೇಣುದ್ದದಲ್ಲಿ ಹೊದಿಕೆಯೇ ಇರುವುದಿಲ್ಲ, ಕಪ್ಪಾದ ತಾಮ್ರ ಮಾತ್ರ ಇರುತ್ತದೆ.